ಪೆಡಲಿನ ಬಿಗಿತ: ಹಳೆಯ ಮೋಟಾರು ವಾಹನಗಳಲ್ಲಿ ಅದರ ಕಾರಣ ಮತ್ತು ಮನೆಯಲ್ಲಿ ಮಾಡಬಹುದಾದ ದುರಸ್ತಿ

ಮೋಟಾರು ವಾಹನವನ್ನು ನಡೆಸುವವರು ಒತ್ತಿದ ಪೆಡಲು, ಪಾದವನ್ನು ಎತ್ತಿದೊಡನೆ ಸ್ವಸ್ಥಾನಕ್ಕೆ ಹಿಂದಿರುಗದೆ ನಡುದಾರಿಯಲ್ಲೇ ನಿಂತುಬಿಡುವುದು, ಹಿಂದಿರುಗಿದರೂ ತಡೆತಡೆದು ಬರುವುದು, ಇಲ್ಲವೆ ಒತ್ತುವಾಗ ಮೊದಲು ಕದಲದೆ ಬಳಿಕ ಥಟ್ಟನೆ ಜಾರುವುದು, ಈ ಮೂರು ಬಗೆಯ ದೋಷಗಳನ್ನೂ ಪೆಡಲಿನ ಬಿಗಿತವೆಂಬ ಒಂದೇ ಹೆಸರಿನಲ್ಲಿ ಸೇರಿಸಬಹುದು. ಕಾರ್ಯಾಗಾರಗಳ ಮಾತಿನಲ್ಲಿ ಇದು ‘ಪೆಡಲ್ ಜಾಮ್ ಆಗಿದೆ’, ‘ಪೆಡಲ್ ವಾಪಸು ಬರುತ್ತಿಲ್ಲ’ ಎಂದಾಗುತ್ತದೆ. ಹತ್ತಿಪ್ಪತ್ತು ವರ್ಷ ದಾಟಿದ ವಾಹನಗಳಲ್ಲಿ ಇದು ಸಾಮಾನ್ಯವಾದ ದೋಷ. ಅದರಲ್ಲಿಯೂ ವರ್ಷದ ಬಹುಭಾಗ ಕೊಟ್ಟಿಗೆಯಲ್ಲೋ ಮರದ ನೆರಳಿನಲ್ಲೋ ನಿಂತೇ ಇರುವ ವಾಹನಗಳಲ್ಲಿ ಮತ್ತಷ್ಟು ಸಾಮಾನ್ಯ. ದೋಷವು ಕಾಲಿಗೆ ಗೊತ್ತಾಗುವುದು ಪೆಡಲಿನಲ್ಲಿಯಾದರೂ ಅದು ಹುಟ್ಟುವ ಸ್ಥಳ ಪೆಡಲಾಗಿರುವುದು ಅಪರೂಪ. ಪಾದಕ್ಕೂ ಯಂತ್ರಕ್ಕೂ ನಡುವೆ ಹಬ್ಬಿರುವ ಕೀಲು, ಸಲಾಕೆ, ತಂತಿ, ದ್ರವನಾಳ, ಕಮಾನುಗಳ ಉದ್ದನೆಯ ಸಾಲಿನಲ್ಲಿ ಎಲ್ಲಿಯೋ ಒಂದೆಡೆ ಘರ್ಷಣೆ ಹೆಚ್ಚಿರುತ್ತದೆ, ಅಥವಾ ಹಿಂದಕ್ಕೆ ಸೆಳೆಯುವ ಬಲ ಕುಂದಿರುತ್ತದೆ. ಆದಕಾರಣ ಈ ದುರಸ್ತಿಯ ಸತ್ತ್ವವೆಲ್ಲ ದೋಷದ ಸ್ಥಾನನಿರ್ಣಯದಲ್ಲಿದೆ. ಸ್ಥಾನ ಗೊತ್ತಾದ ಮೇಲೆ ಉಳಿಯುವುದು ಬಹುಮಟ್ಟಿಗೆ ಶುಚಿಗೊಳಿಸುವ, ಕೀಲೆಣ್ಣೆ ಹಾಕುವ, ಸವೆದುಹೋದ ಒಂದು ಸಣ್ಣ ಭಾಗವನ್ನು ಬದಲಿಸುವ ಕೆಲಸ ಮಾತ್ರ.

ಇಂದು ಬಲಗಾಲಿಗೆ ವೇಗವರ್ಧಕ ಮತ್ತು ಬ್ರೇಕು, ಎಡಗಾಲಿಗೆ ಕ್ಲಚ್ಚು ಎಂಬ ವ್ಯವಸ್ಥೆಯು ಅನಾದಿಯೆಂಬಂತೆ ತೋರಿದರೂ ಅದು ನೆಲೆಗೊಂಡದ್ದು ನಿಧಾನವಾಗಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳಿದ್ದರೂ ಎಡಗಡೆಯದು ಗೇರನ್ನೂ ನಡುವಿನದು ಹಿಂಚಲನೆಯನ್ನೂ ಬಲಗಡೆಯದು ಬ್ರೇಕನ್ನೂ ನಿಯಂತ್ರಿಸುತ್ತಿದ್ದವು. ಎಂಜಿನಿನ ವೇಗವನ್ನು ಹೆಚ್ಚಿಸಲು ಸ್ಟಿಯರಿಂಗ್ ಕಂಬದ ಮೇಲೆ ಕೈಯಿಂದ ಆಡಿಸುವ ಸನ್ನೆಕೋಲೊಂದಿತ್ತು. ಈಗಿನ ಕ್ರಮವನ್ನು 1916ರ ಕ್ಯಾಡಿಲಾಕ್ ಟೈಪ್ 53 ತೋರಿಸಿಕೊಟ್ಟಿತು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು ಅದನ್ನು ಸಾಮಾನ್ಯ ಜನರ ಅಭ್ಯಾಸವಾಗಿಸಿತು. ಪಾದದ ಆಜ್ಞೆಯನ್ನು ದೂರಕ್ಕೆ ಒಯ್ಯುವ ಸಾಧನಗಳು ಮೂರು. ಮೊದಲನೆಯದು ಕಬ್ಬಿಣದ ಸಲಾಕೆಗಳ ಮತ್ತು ಸನ್ನೆಗಳ ಜೋಡಣೆ. ಎರಡನೆಯದು, ಅರ್ನೆಸ್ಟ್ ಮನಿಂಗ್ಟನ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ, ಸುರುಳಿಯಾಗಿ ಸುತ್ತಿದ ಹೊರಗವಚದೊಳಗೆ ಜಾರುವ ಒಳತಂತಿಯ ಕೇಬಲು. ಮೂರನೆಯದು ದ್ರವಪೀಡನ, ಮ್ಯಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು, 1921ರ ಡ್ಯೂಸನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಅದನ್ನು ಅಳವಡಿಸಿಕೊಂಡಿತು. ಸಲಾಕೆ ಕೀಲಿನಲ್ಲಿ ಬಿಗಿಯುತ್ತದೆ, ತಂತಿ ಬಾಗಿನಲ್ಲಿ ಬಿಗಿಯುತ್ತದೆ, ದ್ರವವು ರಂಧ್ರದಲ್ಲಿ ಸಿಲುಕುತ್ತದೆ. ಬಿಗಿತದ ಬಗೆಗಳನ್ನು ವಿಂಗಡಿಸಲು ಇದಕ್ಕಿಂತ ಉಪಯುಕ್ತವಾದ ಸೂತ್ರವಿಲ್ಲ.

ನಮ್ಮ ದೇಶದ ಹಳೆಯ ವಾಹನಗಳಲ್ಲಿ ಪೆಡಲುಗಳ ಜೋಡಣೆ ಎರಡು ಬಗೆಯದು. ಮಹೀಂದ್ರ ಸಂಸ್ಥೆಯವರು ತಯಾರಿಸಿದ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ, ಹಿಂದೂಸ್ತಾನ್ ಮೋಟಾರ್ಸಿನವರು ಬೇಬಿ ಹಿಂದೂಸ್ತಾನ್ ಎಂದು ಮಾರಿದ ಮಾರಿಸ್ ಮೈನರ್ ಕಾರಿನಲ್ಲಿ, ಕ್ಲಚ್ಚು ಮತ್ತು ಬ್ರೇಕಿನ ಪೆಡಲುಗಳು ನೆಲಹಲಗೆಯನ್ನು ತೂರಿಕೊಂಡು ಮೇಲೆ ಬರುತ್ತವೆ. ಅವುಗಳ ಕೀಲೂ ಬ್ರೇಕಿನ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರೂ ನೆಲದ ಕೆಳಗೆ, ಚಕ್ರಗಳು ಎರಚುವ ಕೆಸರಿನ ದಾರಿಯಲ್ಲಿಯೇ ಇರುತ್ತವೆ. ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಮಳೆಗಾಲವಿಡೀ ದುಡಿದ ಜೀಪುಗಳ ಪೆಡಲುಗಳು ಬೇಸಗೆಯ ಹೊತ್ತಿಗೆ ಬಿಗಿದುಕೊಳ್ಳುವುದು ಈ ಕಾರಣದಿಂದಲೇ. ಕೀಲಿನ ಸುತ್ತ ಒಣಗಿದ ಕೆಂಪು ಮಣ್ಣು ತುಕ್ಕಿನೊಡನೆ ಬೆರೆತು ಗಾರೆಯಷ್ಟು ಗಟ್ಟಿಯಾಗಿರುತ್ತದೆ. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಗ್ರಾಹಕರ ಕೈಸೇರಿದ ಮಾರುತಿ 800 ಕಾರಿನಲ್ಲಿಯಾದರೋ ಪೆಡಲುಗಳು ಮೇಲಿನಿಂದ ತೂಗಾಡುತ್ತವೆ. ಅವುಗಳ ಕೀಲು ಡ್ಯಾಶ್‌ಬೋರ್ಡಿನ ಹಿಂದೆ ಒಣನೆಲೆಯಲ್ಲಿದ್ದು ಕೆಸರಿನಿಂದ ಪಾರಾಗಿರುತ್ತದೆ, ಆದರೆ ನೋಡುವವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆಯಿಟ್ಟು ಅಂಗಾತ ಮಲಗಬೇಕಾಗುತ್ತದೆ. ಕರಾವಳಿಯಲ್ಲಿ ಈ ಎರಡೂ ಬಗೆಯವನ್ನು ಉಪ್ಪುಗಾಳಿಯು ಸಮನಾಗಿ ತಿನ್ನುತ್ತದೆ.

ಯಾವ ಪೆಡಲು ಬಿಗಿದಿದ್ದರೂ ಪರೀಕ್ಷೆಯನ್ನು ನೆಲದ ಹಾಸಿನಿಂದ ಆರಂಭಿಸತಕ್ಕದ್ದು. ಮೂಲದ ಹಾಸಿನ ಮೇಲೆ ರಬ್ಬರಿನ ಹಾಸು, ಅದರ ಮೇಲೆ ನಾರಿನ ಹಾಸು, ಮಳೆಗಾಲಕ್ಕೆಂದು ಮತ್ತೊಂದು ಪ್ಲಾಸ್ಟಿಕ್ಕಿನದು, ಹೀಗೆ ಪದರದ ಮೇಲೆ ಪದರ ಹಾಸುವ ನಮ್ಮ ಅಭ್ಯಾಸದಿಂದ ಪೆಡಲಿನ ಕೆಳತುದಿ ಹಾಸಿನ ಅಂಚಿಗೆ ಸಿಕ್ಕಿಕೊಳ್ಳುವುದುಂಟು; ಸೀಟಿನಡಿಯಿಂದ ಉರುಳಿಬಂದ ನೀರಿನ ಬಾಟಲಿಯು ಬ್ರೇಕಿನ ಪೆಡಲಿನ ಹಿಂದೆ ಸೇರಿ ಅದನ್ನು ಒತ್ತಲಾಗದಂತೆ ಮಾಡುವುದೂ ಉಂಟು. ಹಾಸುಗಳನ್ನೆಲ್ಲ ಹೊರಗೆಳೆದ ಮೇಲೂ ಬಿಗಿತ ಉಳಿದರೆ, ಆಗ ಪಾದದಿಂದ ಯಂತ್ರದವರೆಗಿನ ಸಾಲನ್ನು ನಡುವೆ ಕಡಿಯುವುದೇ ಮುಖ್ಯವಾದ ಉಪಾಯ: ತಂತಿಯನ್ನಾಗಲಿ ಸಲಾಕೆಯನ್ನಾಗಲಿ ಯಂತ್ರದ ಕಡೆಯ ತುದಿಯಲ್ಲಿ ಕಳಚಿ, ಪೆಡಲನ್ನು ಕೈಯಿಂದ ಆಡಿಸಿ ನೋಡಬೇಕು. ಆಗಲೂ ಅದು ಬಿಗಿಯಾಗಿದ್ದರೆ ದೋಷ ಪಾದದ ಕಡೆಯಲ್ಲಿದೆ. ಸಡಿಲವಾಗಿ ಆಡಿದರೆ ಯಂತ್ರದ ಕಡೆಯಲ್ಲಿದೆ. ಉಳಿದ ಅರ್ಧವನ್ನು ಮತ್ತೆ ಅದೇ ರೀತಿಯಲ್ಲಿ ಎರಡಾಗಿಸಿದರೆ ಎರಡು ಮೂರು ಹೆಜ್ಜೆಗಳಲ್ಲಿ ದೋಷವು ಬೆರಳಿಗೆ ಸಿಗುತ್ತದೆ. ಹೀಗೆ ಮಾಡದೆ ಕಂಡಕಂಡಲ್ಲಿ ಎಣ್ಣೆ ಸುರಿಯುವುದರಿಂದ ಒಂದೆರಡು ದಿನ ಹಗುರಾದಂತೆ ತೋರಬಹುದು. ಆದರೆ ದೋಷದ ಕಾರಣವು ಮರೆಯಾಗಿ, ಅದು ಮರಳಿ ಬಂದಾಗ ಹುಡುಕುವುದು ಮೊದಲಿಗಿಂತ ಕಷ್ಟವಾಗುತ್ತದೆ.

ಮೂರು ಪೆಡಲುಗಳಲ್ಲಿ ವೇಗವರ್ಧಕದ ಬಿಗಿತವೇ ಎಲ್ಲಕ್ಕಿಂತ ಭಯಂಕರವಾದುದು. ಉಳಿದೆರಡು ಸಿಲುಕಿದರೆ ವಾಹನವು ತೊಂದರೆ ಕೊಟ್ಟೀತು, ಇದು ಸಿಲುಕಿದರೆ ಪ್ರಾಣಕ್ಕೇ ಸಂಚಕಾರ. ಚಲಿಸುತ್ತಿರುವಾಗ ಹಾಗಾದಲ್ಲಿ ಬ್ರೇಕನ್ನು ಒಂದೇ ಸಲ ದೃಢವಾಗಿ ಒತ್ತಿ ಹಿಡಿದು, ಕ್ಲಚ್ಚನ್ನೊತ್ತಿ ಗೇರನ್ನು ನ್ಯೂಟ್ರಲಿಗೆ ತಂದು, ವಾಹನವು ರಸ್ತೆಯ ಬದಿಯಲ್ಲಿ ನಿಂತ ಮೇಲೆ ಎಂಜಿನನ್ನು ಆರಿಸಬೇಕು. ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡುವುದು ಅಪಾಯಕರ. ಏಕೆಂದರೆ ಬ್ರೇಕಿಗೆ ನೆರವಾಗುವ ನಿರ್ವಾತ ಬೂಸ್ಟರ್ ಇರುವ ವಾಹನಗಳಲ್ಲಿ, ಎಂಜಿನಿಗೆ ಗಾಳಿ ಬಿಡುವ ಥ್ರಾಟಲು ಪೂರ್ತಿ ತೆರೆದಿರುವಾಗ ಎಂಜಿನಿನಿಂದ ಹೊಸ ನಿರ್ವಾತ ದೊರೆಯದು, ಶೇಖರವಾಗಿದ್ದುದು ಒಂದೆರಡು ಒತ್ತಿಗೇ ಮುಗಿದುಹೋಗುತ್ತದೆ. ಚಲಿಸುವಾಗಲೇ ಕೀಲಿಕೈಯನ್ನು ಪೂರ್ತಿ ತಿರುಗಿಸಿ ಹೊರತೆಗೆದರೆ ಸ್ಟಿಯರಿಂಗಿಗೆ ಬೀಗ ಬೀಳುವ ಸಂಭವವಿರುವುದರಿಂದ ಅದನ್ನೂ ಮಾಡಲಾಗದು. ಇಂಥ ಅವಘಡವನ್ನು ತಡೆಯಲೆಂದೇ ಅಮೆರಿಕದ ಮೋಟಾರು ವಾಹನ ಸುರಕ್ಷತಾ ಮಾನದಂಡಗಳಲ್ಲಿ 124ನೆಯದು, ಥ್ರಾಟಲನ್ನು ಹಿಂದಕ್ಕೆ ತರಲು ಪ್ರತ್ಯೇಕವಾಗಿ ಸಮರ್ಥವಾದ ಎರಡು ಬಲಮೂಲಗಳಾದರೂ ಇರಬೇಕೆಂದೂ, ಪಾದವನ್ನು ತೆಗೆದ ಮೇಲೆ ಹಗುರ ವಾಹನಗಳಲ್ಲಿ ಸಾಧಾರಣ ಉಷ್ಣತೆಯಲ್ಲಿ 1 ಸೆಕೆಂಡಿನೊಳಗೆ ಎಂಜಿನು ತನ್ನ ಮಂದಗತಿಯ ಸ್ಥಿತಿಗೆ ಬರಬೇಕೆಂದೂ ವಿಧಿಸುತ್ತದೆ. ಹಳೆಯ ಕಾರ್ಬ್ಯುರೇಟರುಗಳಲ್ಲಿ ಎರಡು ಕಮಾನುಗಳಿದ್ದು ಒಂದು ಮುರಿದುಬಿದ್ದಿದ್ದರೆ, ಉಳಿದೊಂದರ ಮೇಲೆ ನಂಬಿಕೆಯಿಟ್ಟು ಓಡಿಸುವುದು ತರವಲ್ಲ.

ಕೇಬಲಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಮಾರುತಿ 800 ಮೊದಲಾದ ಸಾವಿರಾರು ಹಳೆಯ ಕಾರುಗಳಲ್ಲಿ ವೇಗವರ್ಧಕದ ಬಿಗಿತಕ್ಕೆ ಇದೇ ಪ್ರಧಾನ ಕಾರಣ. ಹೊರಗವಚದೊಳಗೆ ಬಾಗಿ ಹಾಯುವ ತಂತಿಯು, ಬಾವಿಯ ದೂಲದ ಮೇಲೆ ಸುತ್ತುಹಾಕಿದ ಹಗ್ಗದಂತೆ, ಪ್ರತಿಯೊಂದು ಬಾಗಿನಲ್ಲಿಯೂ ಎಳೆತದ ಒಂದು ಪಾಲನ್ನು ಘರ್ಷಣೆಗೆ ತೆರುತ್ತದೆ. ಈ ನಷ್ಟವು ಬಾಗಿನ ಒಟ್ಟು ಕೋನ ಹೆಚ್ಚಿದಂತೆ ಗುಣಾಕಾರವಾಗಿ ಬೆಳೆಯುತ್ತದೆ. ಘರ್ಷಣಾಂಕವು 0.15 ಎಂದೂ ಬಾಗುಗಳ ಒಟ್ಟು ಮೊತ್ತ 180 ಡಿಗ್ರಿಯೆಂದೂ ಇಟ್ಟುಕೊಂಡರೆ ಒಂದು ತುದಿಯ ಎಳೆತವು ಇನ್ನೊಂದು ತುದಿಯ ಎಳೆತಕ್ಕಿಂತ ಸುಮಾರು 1.6 ಪಟ್ಟು ಇರಬೇಕಾಗುತ್ತದೆ. ಅದೇ ತಂತಿಗೆ ತುಕ್ಕು ಹತ್ತಿ ಘರ್ಷಣಾಂಕ 0.4ಕ್ಕೆ ಏರಿದರೆ ಅದು 3.5 ಪಟ್ಟಾಗುತ್ತದೆ. ಒತ್ತುವಾಗ ಮನುಷ್ಯನ ಕಾಲು ಈ ವ್ಯತ್ಯಾಸವನ್ನು ಗಮನಿಸದೆಯೇ ತುಂಬಿಕೊಡುತ್ತದೆ. ಹಿಂದಿರುಗುವಾಗ ಆ ಕೆಲಸ ಕಾರ್ಬ್ಯುರೇಟರಿನ ಬಡ ಕಮಾನಿನ ಪಾಲಿಗೆ ಬರುತ್ತದೆ, ಮತ್ತು ಅದು ಸೋಲುತ್ತದೆ. ಪೆಡಲು ಹೋಗುವುದರಲ್ಲಿ ಸರಾಗ, ಬರುವುದರಲ್ಲಿ ಬಿಗಿ ಎಂಬ ಸಾಮಾನ್ಯ ದೂರಿನ ಹಿಂದಿರುವ ತತ್ತ್ವ ಇದು. ಕೇಬಲು ಹಾಯುವ ದಾರಿಯನ್ನು ಸರಿಪಡಿಸಿ, ಬೇರಾವ ದುರಸ್ತಿಯಲ್ಲಿ ಯಾರೋ ಅವಸರದಿಂದ ಕೊಟ್ಟುಹೋದ ಒಂದು ಗಿಡ್ಡ ಬಾಗನ್ನು ನೀಳಗೊಳಿಸಿದ ಮಾತ್ರಕ್ಕೆ ಎಷ್ಟೋ ಬಾರಿ ಬಿಗಿತವು ಮಾಯವಾಗುತ್ತದೆ.

ಕೇಬಲನ್ನು ಎರಡೂ ತುದಿಗಳಲ್ಲಿ ಕಳಚಿ ಒಳತಂತಿಯನ್ನು ಬೆರಳುಗಳಿಂದ ಎಳೆದು ಬಿಟ್ಟು ನೋಡಿದರೆ ಅದರ ಸ್ಥಿತಿ ಗೊತ್ತಾಗುತ್ತದೆ. ಪೆಡಲಿನ ತೋಳಿಗೆ ಸಿಕ್ಕಿಸುವ ತುದಿಯ ಬಳಿ ಒಂದೊಂದಾಗಿ ಎಳೆಗಳು ಕಡಿದು ಮುಳ್ಳಿನಂತೆ ನಿಂತಿದ್ದರೆ, ಆ ಮುಳ್ಳುಗಳು ಹೊರಗವಚದ ಬಾಯಿಗೆ ಸಿಕ್ಕಿಕೊಳ್ಳುವುದರಿಂದಲೇ ಪೆಡಲು ನಿಲ್ಲುತ್ತಿದೆಯೆಂದು ತಿಳಿಯಬಹುದು. ಅಂಥ ಕೇಬಲಿಗೆ ಎಣ್ಣೆ ಮದ್ದಲ್ಲ, ಹೊಸದನ್ನೇ ಹಾಕತಕ್ಕದ್ದು. ಎಳೆಗಳೆಲ್ಲ ಇಡಿಯಾಗಿದ್ದು ತಂತಿ ಬರಿದೆ ಒಣಗಿದ್ದರೆ, ಕೇಬಲನ್ನು ಲಂಬವಾಗಿ ತೂಗುಹಾಕಿ, ಮೇಲ್ತುದಿಗೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಸಣ್ಣ ಆಲಿಕೆಯನ್ನು ಕಟ್ಟಿ, ತೆಳುವಾದ ಯಂತ್ರದೆಣ್ಣೆಯನ್ನು ತುಂಬಿ, ಅದು ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೆ ಒಂದು ರಾತ್ರಿ ಬಿಡುವ ಹಳೆಯ ಪದ್ಧತಿಯು ಇಂದಿಗೂ ಉತ್ತಮವಾದದ್ದು. ಆದರೆ ಒಳಗೆ ನೈಲಾನಿನ ಅಥವಾ ಟೆಫ್ಲಾನಿನ ಕೊಳವೆಯಿರುವ ಕೇಬಲುಗಳಿಗೆ ಇದು ಸಲ್ಲದು. ಅವು ಒಣಗಿಯೇ ಜಾರುವಂತೆ ರಚಿತವಾಗಿವೆ, ಗ್ರೀಸು ಹಾಕಿದರೆ ಧೂಳನ್ನು ಹಿಡಿದು ಮೊದಲಿಗಿಂತ ಬಿಗಿಯಾಗುತ್ತವೆ. ಅಂಥ ಕೇಬಲಿನ ಒಳಪದರ ಕರಗಿ ತಂತಿಗೆ ಅಂಟಿಕೊಂಡಿದ್ದರೆ ಮತ್ತೊಂದು ಗೂಢವಾದ ಕಾರಣವನ್ನು ಹುಡುಕಬೇಕು: ಎಂಜಿನಿನಿಂದ ವಾಹನದ ಒಡಲಿಗೆ ವಿದ್ಯುತ್ತನ್ನು ಮರಳಿಸುವ ಅರ್ಥ್ ಪಟ್ಟಿಯು ಕಡಿದಿದ್ದರೆ, ಸ್ಟಾರ್ಟರಿನ ಅಪಾರವಾದ ಪ್ರವಾಹವು ಬೇರೆ ದಾರಿ ಕಾಣದೆ ವೇಗವರ್ಧಕದ ಅಥವಾ ಚೋಕಿನ ತಂತಿಯ ಮೂಲಕವೇ ಹರಿದು ಅದನ್ನು ಕಾಯಿಸುತ್ತದೆ. ಅರ್ಥ್ ಪಟ್ಟಿಯನ್ನು ಸರಿಪಡಿಸದೆ ಹೊಸ ಕೇಬಲು ಹಾಕಿದವರು ಅಲ್ಪಕಾಲದಲ್ಲಿಯೇ ಇನ್ನೊಂದನ್ನು ಕೊಳ್ಳಬೇಕಾಗುತ್ತದೆ.

ಕೇಬಲು ನಿರ್ದೋಷಿಯೆಂದು ಸಿದ್ಧವಾದರೆ ಕಾರ್ಬ್ಯುರೇಟರಿನ ಕಡೆಗೆ ತಿರುಗಬೇಕು. ಥ್ರಾಟಲಿನ ಅಚ್ಚು ತನ್ನ ರಂಧ್ರದಲ್ಲಿ ತಿರುಗುವ ಕಡೆ ಪೆಟ್ರೋಲಿನ ಅಂಟು ಮತ್ತು ಎಂಜಿನಿನ ಎಣ್ಣೆಯ ಆವಿ ಸೇರಿ ಕಂದುಬಣ್ಣದ ಅರಗಿನಂಥ ಪದರವನ್ನು ಕಟ್ಟುತ್ತವೆ. ಬಹುಕಾಲ ನಿಂತ ವಾಹನಗಳಲ್ಲಿ ಇದು ಹೆಚ್ಚು. ಎಂಜಿನು ತಣ್ಣಗಿರುವಾಗ, ಗಾಳಿಯಾಡುವ ಸ್ಥಳದಲ್ಲಿ, ಕಾರ್ಬ್ಯುರೇಟರ್ ಶುಚಿಕಾರಕವನ್ನು ಸ್ವಲ್ಪವೇ ಹಾಕಿ ಅಚ್ಚನ್ನು ಹತ್ತಾರು ಬಾರಿ ತಿರುಗಿಸಿದರೆ ಸಾಕು. ಅಚ್ಚು ಸವೆದು ಅಡ್ಡಡ್ಡ ಅಲುಗಾಡುತ್ತಿದ್ದರೆ ಥ್ರಾಟಲಿನ ತಟ್ಟೆಯು ಕೊಳವೆಯ ಗೋಡೆಗೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಅದು ಮನೆಯ ಕೆಲಸವಲ್ಲ. ಇಲ್ಲಿ ಒಂದು ಭ್ರಾಂತಿಯನ್ನೂ ನಿವಾರಿಸಿಕೊಳ್ಳಬೇಕು. ಪೆಡಲು ಪೂರ್ತಿ ಮೇಲೆ ಬಂದಿದ್ದರೂ ಎಂಜಿನು ಹೆಚ್ಚು ವೇಗದಲ್ಲಿಯೇ ಓಡುತ್ತಿದ್ದರೆ, ಚೋಕಿಗೆ ಹೊಂದಿಕೊಂಡಿರುವ ಶೀತಾರಂಭದ ಕ್ಯಾಮು ತನ್ನ ಎತ್ತರದ ಮೆಟ್ಟಲಿನಲ್ಲಿ ನಿಂತುಹೋಗಿರಬಹುದು, ಅಥವಾ ಎಂಜಿನಿನ ರಬ್ಬರು ಆಧಾರವು ಹರಿದು, ಎಂಜಿನು ಓಲಿದಾಗಲೆಲ್ಲ ಕೇಬಲನ್ನು ತಾನೇ ಎಳೆಯುತ್ತಿರಬಹುದು. ಪೆಡಲನ್ನು ಎಷ್ಟು ತಿದ್ದಿದರೂ ಇವು ವಾಸಿಯಾಗುವಂತಿಲ್ಲ.

ಪೆಡಲಿನ ಕೀಲಿನಲ್ಲಿಯೇ ದೋಷವಿರುವ ಸಂದರ್ಭಗಳೂ ಇವೆ. ಇವುಗಳಲ್ಲಿ ಪ್ರಸಿದ್ಧವಾದುದು ಹಳೆಯ ವಾಹನದ್ದಲ್ಲ: 2010ರ ಜನವರಿಯಲ್ಲಿ ಟೊಯೋಟಾ ಸಂಸ್ಥೆಯು ಅಮೆರಿಕದಲ್ಲಿ ಸುಮಾರು 23 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ತಂತಿಯಿಲ್ಲದ ವಿದ್ಯುನ್ಮಾನ ಪೆಡಲಿನಲ್ಲಿ, ಕಾಲಿಗೆ ಹಳೆಯ ಪೆಡಲಿನ ಅನುಭವವನ್ನು ಕೊಡಲೆಂದು ಬೇಕೆಂದೇ ಇರಿಸಿದ ಘರ್ಷಣೆಯ ತುಣುಕು ಸವೆತದಿಂದಲೂ ತೇವದಿಂದಲೂ ಅಂಟಿಕೊಳ್ಳುತ್ತಿತ್ತು. ಉಕ್ಕಿನ ಒಂದು ಚಿಕ್ಕ ಪಟ್ಟಿಯನ್ನು ನಡುವೆ ಸೇರಿಸಿ ಅದನ್ನು ಸರಿಪಡಿಸಲಾಯಿತು. ಸವೆತ, ತೇವ, ಘರ್ಷಣೆ ಎಂಬೀ ಮೂರು ಕಾರಣಗಳೇ ಐವತ್ತು ವರ್ಷ ಹಿಂದಿನ ಜೀಪಿನ ಕೀಲಿನಲ್ಲಿಯೂ ಇದ್ದವು.

ಕ್ಲಚ್ಚಿನ ಪೆಡಲಿಗೆ ಬಂದರೆ, ಅದರ ತಂತಿಯು ವೇಗವರ್ಧಕದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಎಳೆತವನ್ನು ಹೊರುವುದರಿಂದ ಬಾಗಿನ ಪ್ರಶ್ನೆ ಇಲ್ಲಿ ಇನ್ನೂ ತೀಕ್ಷ್ಣವಾಗುತ್ತದೆ. ಹಿಂದುಗಡೆ ಎಂಜಿನಿರುವ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಕ್ಲಚ್ಚಿನ ತಂತಿಯು ವಾಹನದ ನಡುವಿನ ಸುರಂಗದೊಳಗೆ ಹಾದು ಹಿಂದಕ್ಕೆ ಹೋಗಿ, ಕೊನೆಯಲ್ಲಿ ಬಾಗಿದ ಒಂದು ಕೊಳವೆಯೊಳಗೆ ಪ್ರವೇಶಿಸುತ್ತದೆ. ಆ ಕೊಳವೆಯು ಸುಮಾರು 25ರಿಂದ 45 ಮಿಲಿಮೀಟರಿನಷ್ಟು ಜೋಲಿರಬೇಕೆಂಬ ವಿಧಿಯಿದೆ. ಜೋಲು ಕಡಿಮೆಯಾದರೆ ಕ್ಲಚ್ಚು ಕಂಪಿಸುತ್ತದೆ, ಹೆಚ್ಚಾದರೆ ಪೆಡಲು ಬಿಗಿಯುತ್ತದೆ ಮತ್ತು ತಂತಿ ಬೇಗ ಕಡಿಯುತ್ತದೆ. ಬಾಗು ಸ್ವತಃ ದೋಷವಲ್ಲ, ಅಳತೆ ಮೀರಿದ ಬಾಗು ದೋಷ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಕ್ಲಚ್ಚಿನ ಪೆಡಲಿನ ಮೇಲ್ತುದಿಯಲ್ಲಿ ಸ್ವಲ್ಪ ನಿರ್ಬಾಧ ಚಲನೆ ಇರಲೇಬೇಕು. ಬೀಟಲಿನಲ್ಲಿ ಅದು 10ರಿಂದ 20 ಮಿಲಿಮೀಟರು. ಕೆಲವು ಕಾರುಗಳಲ್ಲಿ ಒತ್ತುವವರ ಶ್ರಮವನ್ನು ತಗ್ಗಿಸಲು, ಪೆಡಲು ಅರ್ಧದಾರಿಯನ್ನು ದಾಟಿದೊಡನೆ ಅದನ್ನು ಕೆಳಮುಖವಾಗಿಯೇ ತಳ್ಳುವ ಸಹಾಯಕ ಕಮಾನನ್ನು ಅಳವಡಿಸಿರುತ್ತಾರೆ. ದ್ರವಚಾಲಿತ ಕ್ಲಚ್ಚಿನಲ್ಲಿ ದ್ರವ ಸೋರಿಹೋಗಿ ಪ್ರತಿಬಲ ಇಲ್ಲವಾದಾಗ ಈ ಕಮಾನೇ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಆಗ ಕೀಲಿಗೆ ಗ್ರೀಸು ಹಚ್ಚುವುದು ವ್ಯರ್ಥ, ಸೋರಿಕೆಯನ್ನು ಹುಡುಕುವುದು ಸಾರ್ಥಕ. ಗೇರುಪೆಟ್ಟಿಗೆಯೊಳಗಣ ಬಿಡುಗಡೆಯ ಬೇರಿಂಗು ತನ್ನ ತೋಳಿನ ಮೇಲೆ ಒಣಗಿ ನಿಂತಿದ್ದರೆ ಮಾತ್ರ ಗೇರುಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ. ಅದು ಮನೆಯಂಗಳದ ಕೆಲಸವಲ್ಲ.

ಬ್ರೇಕಿನ ಪೆಡಲಿನಲ್ಲಿ ಬಿಗಿತವು ಎರಡು ಮುಖಗಳಿಂದ ಕಾಣಿಸಿಕೊಳ್ಳುತ್ತದೆ. ನೆಲದಿಂದ ಮೇಲೆದ್ದು ಬರುವ ಪೆಡಲುಗಳಲ್ಲಿ ಅಡ್ಡ ಅಚ್ಚಿನ ಮೇಲೆ ತುಕ್ಕು ಹತ್ತಿ ಪೆಡಲು ಭಾರವಾಗುವುದು ಸಾಮಾನ್ಯ. ಆ ಅಚ್ಚಿನ ತುದಿಯ ಗ್ರೀಸ್ ನಿಪ್ಪಲನ್ನು ಶುಚಿಮಾಡಿ, ಹಳೆಯ ಗ್ರೀಸು ಹೊರಬಿದ್ದು ಹೊಸದು ಕಾಣುವವರೆಗೆ ಒತ್ತಬೇಕು. ಗ್ರೀಸು ಒಳನುಗ್ಗದಿದ್ದರೆ ಅಚ್ಚನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ನೆನೆಸಿ, ನುಣುಪಾದ ಮರಳುಕಾಗದದಿಂದ ತಿಕ್ಕಿ, ಬುಷ್ಷು ಅಂಡಾಕಾರವಾಗಿ ಸವೆದಿದ್ದರೆ ಅದನ್ನು ಬದಲಿಸಬೇಕು. ಇಷ್ಟು ಕೆಲಸವನ್ನು ತಾಳ್ಮೆಯುಳ್ಳ ಯಾರು ಬೇಕಾದರೂ ಮಾಡಬಹುದು. ಮತ್ತೊಂದು ಮುಖ ಸೂಕ್ಷ್ಮವಾದುದು: ಪೆಡಲು ಸ್ವಸ್ಥಾನಕ್ಕೆ ಬಂದಂತೆ ಕಂಡರೂ ಬ್ರೇಕು ಬಿಡದೆ ಚಕ್ರಗಳನ್ನು ಹಿಡಿದೇ ಇರುತ್ತದೆ, ಮೈಲಿ ಕಳೆದಂತೆ ಪೆಡಲು ಮೇಲೆ ಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ವಾಹನ ನಿಂತ ಸ್ಥಳದಿಂದ ಕದಲುವುದಿಲ್ಲ.

ಇದಕ್ಕೆ ಕಾರಣವನ್ನು ಮಾಸ್ಟರ್ ಸಿಲಿಂಡರಿನೊಳಗೆ ಕಾಣಬೇಕು. ಪಿಸ್ಟನಿನ ಮುಂದಿನ ರಬ್ಬರು ಬಟ್ಟಲು ವಿಶ್ರಾಂತಿಯ ಸ್ಥಿತಿಗೆ ಬಂದಾಗ, ದ್ರವದ ಡಬ್ಬಿಗೆ ಹೋಗುವ ಸೂಜಿಯ ಮೊನೆಯಷ್ಟೇ ಗಾತ್ರದ ರಂಧ್ರವೊಂದು ಅದರ ಮುಂದುಗಡೆ ತೆರೆದುಕೊಳ್ಳುತ್ತದೆ. ಬಿಸಿಯಾಗಿ ಹಿಗ್ಗಿದ ದ್ರವವು ಈ ರಂಧ್ರದ ಮೂಲಕವೇ ಹಿಂದಕ್ಕೆ ಹೋಗಬೇಕು. ಪೆಡಲು ಕೂದಲೆಳೆಯಷ್ಟು ಹಿಂದಿರುಗದಿದ್ದರೂ, ತಳ್ಳುಸಲಾಕೆಗೂ ಪಿಸ್ಟನಿಗೂ ನಡುವೆ ಇರಬೇಕಾದ ಸುಮಾರು 1 ಮಿಲಿಮೀಟರಿನ ತೆರಪನ್ನು ಯಾರಾದರೂ ಅಜ್ಞಾನದಿಂದ ಮುಚ್ಚಿದ್ದರೂ, ಬಟ್ಟಲು ರಂಧ್ರವನ್ನು ಮುಚ್ಚಿಯೇ ಇರುತ್ತದೆ. ದ್ರವವು ಸೆರೆಯಾಗಿ, ಕಾದು, ಹಿಗ್ಗಿ, ಬ್ರೇಕನ್ನು ತಾನೇ ಒತ್ತುತ್ತದೆ. ಒತ್ತಿದಷ್ಟೂ ಶಾಖ, ಶಾಖದಿಂದ ಮತ್ತಷ್ಟು ಒತ್ತಡ. ರಂಧ್ರದಲ್ಲಿ ಕಸ ಸೇರಿದರೂ ಫಲ ಇದೇ. ಬ್ರೇಕಿನ ಡಬ್ಬಿಗೆ ಎಂಜಿನ್ ಎಣ್ಣೆಯನ್ನೋ ಬೇರಾವುದಾದರೂ ಖನಿಜ ತೈಲವನ್ನೋ ಸುರಿದಿದ್ದರಂತೂ ವ್ಯವಸ್ಥೆಯಲ್ಲಿನ ರಬ್ಬರೆಲ್ಲ ಉಬ್ಬಿ ರಂಧ್ರವನ್ನು ಶಾಶ್ವತವಾಗಿ ಮುಚ್ಚುತ್ತದೆ. ಆಮೇಲೆ ಸಿಲಿಂಡರುಗಳ ವಾಷರುಗಳು, ಬಟ್ಟಲುಗಳು, ರಬ್ಬರು ಹೋಸುಗಳು ಎಲ್ಲವನ್ನೂ ಬದಲಿಸದೆ ಗತಿಯಿಲ್ಲ. ಒಂದು ಲೋಟ ತಪ್ಪೆಣ್ಣೆಯಿಂದ ಇಡೀ ಬ್ರೇಕು ಹಾಳಾಗುವುದನ್ನು ಕಂಡವರಿಗೆ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿಯೇ ಸುರಿಯಬೇಕೆಂಬ ಮಾತು ಎಷ್ಟು ಬಾರಿ ಹೇಳಿದರೂ ಹೆಚ್ಚೆನಿಸದು.

ಸೆರೆಯಾದ ಒತ್ತಡವು ಎಲ್ಲಿದೆಯೆಂದು ತಿಳಿಯಲು ಪೂರ್ವೋಕ್ತ ವಿಭಜನೆಯ ಕ್ರಮವೇ ಸಾಕು. ಸಮತಟ್ಟಾದ ನೆಲದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಡಿದುಕೊಂಡಿರುವ ಚಕ್ರವನ್ನು ಜಾಕಿನಿಂದ ಎತ್ತಿ, ದೃಢವಾದ ಆಧಾರಗೂಟದ ಮೇಲೆ ಇಳಿಸಿದ ಬಳಿಕ, ಮಾಸ್ಟರ್ ಸಿಲಿಂಡರಿನಿಂದ ಹೊರಡುವ ನಾಳದ ತಿರುಪನ್ನು ಸ್ವಲ್ಪವೇ ಸಡಿಲಿಸಬೇಕು. ಒಡನೆಯೇ ಚಕ್ರವು ಬಿಡುಗಡೆಯಾದರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿಯೋ ಪೆಡಲಿನ ತೆರಪಿನಲ್ಲಿಯೋ ಇದೆ. ಬಿಡದೆ, ಚಕ್ರದ ಬಳಿಯ ಬ್ಲೀಡರ್ ನಿಪ್ಪಲನ್ನು ತೆರೆದಾಗ ಮಾತ್ರ ಬಿಟ್ಟರೆ, ನಡುವಣ ರಬ್ಬರು ಹೋಸಿನ ಒಳಪದರವು ಕಿತ್ತು ಏಕಮುಖ ಕವಾಟದಂತೆ ದ್ರವವನ್ನು ತಡೆಯುತ್ತಿದೆ. ಹೊರಗೆ ನೋಡಿದರೆ ಹೋಸು ಹೊಸದರಂತೆಯೇ ಇರಬಹುದು. ಎರಡರಿಂದಲೂ ಬಿಡದಿದ್ದರೆ ದೋಷ ದ್ರವದ್ದಲ್ಲ, ಚಕ್ರದೊಳಗಿನ ಬ್ರೇಕಿನ ಭಾಗಗಳದ್ದು ಅಥವಾ ಕೈಬ್ರೇಕಿನ ತಂತಿಯದ್ದು. ನಾಳವನ್ನೋ ನಿಪ್ಪಲನ್ನೋ ತೆರೆದ ಮೇಲೆ, ಒಳಸೇರಿದ ಗಾಳಿಯನ್ನು ತೆಗೆಯುವ ಕೆಲಸವನ್ನು ಇಬ್ಬರು ಸೇರಿ ಮಾಡಿಯೇ ವಾಹನವನ್ನು ಹೊರಡಿಸಬೇಕು. ಹಳೆಯ ಬ್ರೇಕಿನ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಬ್ರೇಕಿನ ದ್ರವ ಚೆಲ್ಲಿದರೆ ಬಣ್ಣವನ್ನು ಸುಲಿಯುತ್ತದೆ; ಕೂಡಲೆ ನೀರಿನಿಂದ ತೊಳೆಯಬೇಕು.

ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದ್ರವವು ಹೊಸದಾಗಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸಿನಲ್ಲಿ, ತೇವ ಹೀರಿದ ಮೇಲೆ ಕನಿಷ್ಠ 140 ಡಿಗ್ರಿಯಲ್ಲಿ ಕುದಿಯಬೇಕೆಂದು ಮಾನದಂಡವಿದೆ. ಡಾಟ್ 4ಕ್ಕೆ ಈ ಅಂಕಗಳು 230 ಮತ್ತು 155. ಹೀರಿದ ತೇವವೇ ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಹಳ್ಳಗಳನ್ನು ಕೊರೆದು ಪಿಸ್ಟನನ್ನು ಹಿಡಿಸುತ್ತದೆ. ಹೀಗಾಗಿ ವಾಹನವು ಓಡದೆ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸುವುದು ಉಚಿತ. ಹಳ್ಳಬಿದ್ದ ಸಿಲಿಂಡರನ್ನು ಉಜ್ಜಿ ಹೊಸ ರಬ್ಬರು ಹಾಕಿ ಮತ್ತೆ ಉಪಯೋಗಿಸುವ ಮಿತವ್ಯಯವನ್ನು ನಾನು ಒಪ್ಪಲಾರೆ. ಕ್ಲಚ್ಚಿನಲ್ಲಿ ಅದು ಕ್ಷಮ್ಯವಾದೀತು, ಬ್ರೇಕಿನಲ್ಲಿ ಅಲ್ಲ.

ದ್ವಿಚಕ್ರವಾಹನಗಳಲ್ಲಿ ಈ ದೋಷವು ಹಿಂದಿನ ಬ್ರೇಕಿನ ಕಾಲುಪೆಡಲಿಗೆ ಸಂಬಂಧಿಸಿದ್ದು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಬಲಗಾಲಿನ ಬಳಿ ನೆಲಹಲಗೆಯ ಮೇಲಿರುವ ಪೆಡಲಿನ ಪಿನ್ನು ಮಳೆನೀರು ನಿಲ್ಲುವ ಸ್ಥಳದಲ್ಲಿಯೇ ಇದೆ. ಅದು ತುಕ್ಕು ಹಿಡಿದು ಬಿಗಿದರೆ ಒತ್ತಿದ ಪೆಡಲು ಕೆಳಗೇ ಉಳಿಯುತ್ತದೆ. ಪಿನ್ನನ್ನು ತೆಗೆದು ತಿಕ್ಕಿ ಗ್ರೀಸು ಸವರಿದ ಮೇಲೂ ಬ್ರೇಕು ಬಿಡದಿದ್ದರೆ, ಡ್ರಮ್ಮಿನ ತಟ್ಟೆಯಲ್ಲಿ ಲೈನಿಂಗುಗಳನ್ನು ಅಗಲಿಸುವ ಕ್ಯಾಮಿನ ಅಚ್ಚು ಒಣಗಿರುತ್ತದೆ. ಅದಕ್ಕೆ ಶಾಖವನ್ನು ತಡೆಯುವ ಗ್ರೀಸನ್ನು ಅತ್ಯಲ್ಪವಾಗಿ ಹಚ್ಚಬೇಕು. ಹೆಚ್ಚಾದರೆ ಕರಗಿ ಲೈನಿಂಗಿಗೆ ಇಳಿದು ಬ್ರೇಕನ್ನೇ ನಿಷ್ಫಲಗೊಳಿಸುತ್ತದೆ.

ಕೀಲೆಣ್ಣೆಗಳ ಆಯ್ಕೆಯಲ್ಲಿ ವಿವೇಕವಿರಬೇಕು. ಎಲ್ಲರ ಮನೆಯಲ್ಲಿಯೂ ಕಾಣುವ ಡಬ್ಲ್ಯುಡಿ-40 ಎಂಬ ತುಂತುರು ದ್ರವವನ್ನು 1953ರಲ್ಲಿ ಸ್ಯಾನ್ ಡಿಯೆಗೋವಿನ ರಾಕೆಟ್ ಕೆಮಿಕಲ್ ಸಂಸ್ಥೆಯು ರೂಪಿಸಿದ್ದು ಲೋಹದಿಂದ ತೇವವನ್ನು ಓಡಿಸಲು. ಹಿಡಿದ ಪಿನ್ನನ್ನು ಬಿಡಿಸಲು ಅದು ತುಂಬ ಒಳ್ಳೆಯದು, ಆದರೆ ದೀರ್ಘಕಾಲ ನಿಲ್ಲುವ ಗ್ರೀಸಿನ ಸ್ಥಾನವನ್ನು ತುಂಬಲಾರದು. ಪೆಡಲಿನ ಕೀಲಿಗೆ ಲಿಥಿಯಂ ಗ್ರೀಸು, ತೆರೆದ ತಂತಿಗೆ ತೆಳುವಾದ ಎಣ್ಣೆ, ಬ್ರೇಕಿನ ಸಿಲಿಂಡರಿನ ಒಳಭಾಗಕ್ಕೆ ಬ್ರೇಕಿನ ದ್ರವ ಅಥವಾ ಅದಕ್ಕೆಂದೇ ಇರುವ ರಬ್ಬರು ಗ್ರೀಸು ತಕ್ಕವು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಮಾರುತಿ 800ರ ಕೇಬಲು, ಜೀಪಿನ ಬುಷ್ಷು ಮುಂತಾದವನ್ನು ಅರಸಿಹೋಗುವವರು ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಒಂದೇ ಮಾದರಿಯ ಕಾರಿನಲ್ಲಿಯೂ ವರ್ಷದಿಂದ ವರ್ಷಕ್ಕೆ ತಂತಿಯ ಉದ್ದ, ತುದಿಯ ಗುಂಡು, ಪಿನ್ನಿನ ದಪ್ಪ ಬದಲಾಗಿರಬಹುದು. ಲೋಹದ ಭಾಗಗಳು ಗುಜರಿಯಿಂದ ಬಂದರೂ ಚಿಂತೆಯಿಲ್ಲ, ಆದರೆ ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ರಬ್ಬರು ಕಿಟ್ಟನ್ನು ಅಗ್ಗವೆಂದು ಕೊಳ್ಳಬಾರದು; ರಬ್ಬರು ಉಪಯೋಗಿಸದಿದ್ದರೂ ಮುಪ್ಪಾಗುತ್ತದೆ.

ದುರಸ್ತಿಯಾದ ಮೇಲೆ ಪರೀಕ್ಷೆ. ಸೀಳುಪಿನ್ನುಗಳೆಲ್ಲ ಹೊಸವಾಗಿ ತಮ್ಮ ಸ್ಥಾನದಲ್ಲಿವೆಯೇ ಎಂದು ನೋಡಿಕೊಂಡು, ಎಂಜಿನು ನಿಂತಿರುವಾಗ ಪ್ರತಿಯೊಂದು ಪೆಡಲನ್ನೂ ಕೈಯಿಂದ ಹೋಗುವಷ್ಟು ದೂರ ಒತ್ತಿ ಬಿಟ್ಟು, ತೂಗಾಡದೆ ತಡೆಯದೆ ಮೇಲೆ ಬಂದು ತನ್ನ ತಡೆಗೆ ತಾಗುವ ಸದ್ದನ್ನು ಕೇಳಬೇಕು. ಬಳಿಕ ಎಂಜಿನನ್ನು ನಡೆಸಿ, ನ್ಯೂಟ್ರಲಿನಲ್ಲಿ ವೇಗವರ್ಧಕವನ್ನು ಅರ್ಧ ಒತ್ತಿ, ಪಾದವನ್ನು ಪಕ್ಕಕ್ಕೆ ಜಾರಿಸಿಬಿಟ್ಟರೆ ವೇಗವು ಆ ಕ್ಷಣವೇ ಇಳಿಯಬೇಕು. ಇದನ್ನು ಎಂಜಿನು ತಣ್ಣಗಿರುವಾಗ ಒಮ್ಮೆ, ಚೆನ್ನಾಗಿ ಕಾದ ಮೇಲೆ ಮತ್ತೊಮ್ಮೆ ಮಾಡಬೇಕು, ಏಕೆಂದರೆ ತಣ್ಣಗೆ ಸರಾಗವಾಗಿದ್ದ ಥ್ರಾಟಲಿನ ಅಚ್ಚು ಬಿಸಿಗೆ ಹಿಗ್ಗಿ ಹಿಡಿಯುವುದುಂಟು. ಕೊನೆಯಲ್ಲಿ ಜನಸಂಚಾರವಿಲ್ಲದ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ನಿಧಾನವಾಗಿ ಓಡಿಸಿ, ಬ್ರೇಕನ್ನು ಆದಷ್ಟು ಬಳಸದೆ ನಿಲ್ಲಿಸಿ, ನಾಲ್ಕು ಚಕ್ರಗಳ ನಡುಭಾಗದ ಹತ್ತಿರಕ್ಕೆ ಕೈಯೊಡ್ಡಿ ನೋಡಬೇಕು. ಉಳಿದವುಗಳಿಗಿಂತ ಹೆಚ್ಚು ಕಾದ ಚಕ್ರವಿದ್ದರೆ ಅಲ್ಲಿ ಬ್ರೇಕು ಇನ್ನೂ ಹಿಡಿದಿದೆಯೆಂದೇ ಅರ್ಥ, ಮತ್ತು ಕೆಲಸವನ್ನು ಆ ಚಕ್ರದಿಂದ ಪುನಃ ಆರಂಭಿಸಬೇಕು.